ಅಪ್‌ಡೇಟ್: ಮಗಳ ‘ಅನಿಮಲ್ ಫಾರ್ಮ್’ ರಿವಿಜನ್

ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ (ಸುಮಾರು 16ನೇ ವಯಸ್ಸಿನ ಶಾಲಾ ಪರೀಕ್ಷೆ) ಬರೆಯುವ ಮಗಳಿಗೆ ಆರ್ವೆಲ್‌ರ ‘ಅನಿಮಲ್ ಫಾರ್ಮ್’ ಕಾದಂಬರಿ (ಯಜಮಾನನನ್ನು ಓಡಿಸಿದ ಪ್ರಾಣಿಗಳ ಮೇಲೆ ಹಂದಿಗಳೇ ಅಧಿಕಾರ ನಡೆಸುವ ಕಥೆ, ಸೋವಿಯತ್ ರಷ್ಯಾದ ವಿಡಂಬನೆ) ಹೇಗೆ ಓದಿಸಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕಥೆಯಲ್ಲಿ ಪ್ರಾಣಿಗಳಿಗಾಗಿ ಮಾಡಿದ ಏಳು ನಿಯಮಗಳನ್ನೇ ಹಿಡಿದು ಓದಿಸಿ ಅಂದಿರಲ್ಲ, ಅದು ತುಂಬಾ ಉಪಯೋಗಕ್ಕೆ ಬಂತು. ಯಾವ ನಿಯಮ ಯಾವಾಗ ಬದಲಾಯಿತು, ಅದರಿಂದ ಹಂದಿಗಳಿಗೆ ಏನು ಸಿಕ್ಕಿತು, ಹಂದಿಗಳ ವಕ್ತಾರ ಸ್ಕ್ವೀಲರ್ ಏನು ಹೇಳಿ ಉಳಿದ ಪ್ರಾಣಿಗಳನ್ನು ಒಪ್ಪಿಸಿದ ಎಂದು ಅವಳೇ ಬರೆದಿಟ್ಟಳು, ಹಾಗಾಗಿ ಕಥೆ ಪೂರ್ತಿ ತಲೆಯಲ್ಲಿ ಉಳಿಯಿತು. ಪರೀಕ್ಷೆಗೆ ಪುಸ್ತಕ ಒಯ್ಯುವಂತಿಲ್ಲ, ಅದಕ್ಕೆ ಚಿಕ್ಕ ಚಿಕ್ಕ ಸಾಲುಗಳನ್ನಷ್ಟೇ ಬಾಯಿಪಾಠ ಮಾಡಿದಳು.

ಹಂದಿಗಳ ನಾಯಕ ನೆಪೋಲಿಯನ್ ಅಂದ್ರೆ ಸೋವಿಯತ್ ನಾಯಕ ಸ್ಟಾಲಿನ್ ಎಂದು ಸುಮ್ನೆ ಬರೆದರೆ ಸಾಲದು. ಪಕ್ಕದ ಫಾರ್ಮಿನ ಮಾಲೀಕ ಫ್ರೆಡರಿಕ್ ಜೊತೆಗಿನ ಮರದ ವ್ಯಾಪಾರವನ್ನು 1939ರ ಸೋವಿಯತ್-ಜರ್ಮನ್ ಒಪ್ಪಂದಕ್ಕೆ ಜೋಡಿಸಿ, ಅದರಿಂದ ಪ್ರಾಣಿಗಳಿಗೆ ಏನಾಯಿತು ಎಂದೂ ಹೇಳಬೇಕು. ನಿಷ್ಠೆಯಿಂದ ದುಡಿದ ಕುದುರೆ ಬಾಕ್ಸರ್‌ನನ್ನು ಕಟುಕನಿಗೆ ಮಾರಿ ಸಾಗಹಾಕಿದ ಮೇಲೆ ಹಂದಿಗಳು ವಿಸ್ಕಿ ತರಿಸಿದ್ದನ್ನು ಓದಿ ಅವಳಿಗೆ ಸಿಕ್ಕಾಪಟ್ಟೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬರೆದ ಉತ್ತರ ಟೀಚರ್‌ಗೆ ತುಂಬಾ ಹಿಡಿಸಿತು. ಇನ್ನು ಮತ್ತೊಂದು ಕುದುರೆ ಕ್ಲೋವರ್ ಬಗ್ಗೆ ಓದುವುದು ಬಾಕಿ.