ಯಜಮಾನಿ ಅಂದರೆ ಯಜಮಾನರ ಹೆಂಡತಿಯಾ, ಮನೆಗೆ ಹಿರಿಯಳಾ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ಗೃಹಲಕ್ಷ್ಮಿ ಅರ್ಜಿ ಹಾಕಿಸಿದ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ.

2023ರಲ್ಲಿ ಆ ಯೋಜನೆ ಶುರುವಾದಾಗ ಪಕ್ಕದ ಮನೆಯ ಅಜ್ಜಿಯ ಜೊತೆ ನಾನೂ ಹೋಗಿದ್ದೆ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ, "ಯಜಮಾನಿ ಯಾರಜ್ಜಿ, ನೀವೇನಾ?" ಅಂತ ಕೇಳಿದ. ಅಜ್ಜಿ, "ಯಜಮಾನ್ರು ಹೋಗಿ ಹನ್ನೊಂದು ವರ್ಷ ಆಯ್ತಪ್ಪ, ಇನ್ನು ನಾನೆಲ್ಲಿಯ ಯಜಮಾನಿ?" ಅಂದುಬಿಟ್ಟರು. ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಆ ಹನ್ನೊಂದು ವರ್ಷದಲ್ಲಿ ಸಾಲ ತೀರಿಸಿದ್ದು, ಮೊಮ್ಮಗಳ ಫೀಸು ಕಟ್ಟಿದ್ದು, ಯಾವ ಹಸು ಇರಬೇಕು ಯಾವುದನ್ನು ಮಾರಬೇಕು ಅಂತ ತೀರ್ಮಾನ ಮಾಡಿದ್ದು ಎಲ್ಲ ಅವರೇ. ರೇಷನ್ ಕಾರ್ಡಿನಲ್ಲಿ ಮೊದಲ ಹೆಸರೂ ಅವರದೇ. 2013ರ ಆಹಾರ ಭದ್ರತಾ ಕಾಯ್ದೆಯೇ ಹಾಗೆ ಹೇಳುತ್ತದೆ, ಮನೆಯಲ್ಲಿ 18 ದಾಟಿದ ಹೆಂಗಸರಲ್ಲಿ ಹಿರಿಯಳು ಯಾರೋ ಅವಳೇ ಕುಟುಂಬದ ಮುಖ್ಯಸ್ಥೆ ಅಂತ. ಗಂಡ ಇರಬೇಕು ಅಂತೇನೂ ಇಲ್ಲ.

ಆದರೆ ಅಜ್ಜಿಗೆ ಕೇಳಿಸಿದ್ದು ಬೇರೆ. ಅವರ ಕಿವಿಗೆ ಯಜಮಾನಿ ಅಂದರೆ ಯಜಮಾನರ ಹೆಂಡತಿ. ಯಜಮಾನರೇ ಇಲ್ಲದ ಮೇಲೆ ಆ ಪದವೂ ಹೋಯಿತು. ತಪ್ಪು ಅಜ್ಜಿಯದಾ, ಪದದ್ದಾ?

ಮನೆಗೆ ಬಂದು ಸುಮ್ನೆ ಪಟ್ಟಿ ಮಾಡುತ್ತಾ ಕೂತೆ. ನಮ್ಮ ‘ತಿ’, ‘ಇತ್ತಿ’, ‘ಗಿತ್ತಿ’ಗಳು ಎರಡು ಕೆಲಸ ಮಾಡುತ್ತವೆ. ಗೌಡತಿ ಅಂದರೆ ಗೌಡರ ಹೆಂಡತಿ. ಅವಳು ಸ್ವತಃ ಗೌಡಿಕೆ ಮಾಡುತ್ತಾಳೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಆದರೆ ಹೂವಾಡಗಿತ್ತಿ ಅಂದಾಗ ಅವಳ ಗಂಡ ಏನು ಮಾಡುತ್ತಾನೆ ಅನ್ನುವ ಯೋಚನೆಯೇ ಬರುವುದಿಲ್ಲ, ಹೂ ಕಟ್ಟಿ ಮಾರುವವಳು ಅವಳೇ. ಸೂಲಗಿತ್ತಿಗಂತೂ ಗಂಡು ರೂಪವೇ ಇಲ್ಲ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗಲೂ ಪತ್ರಿಕೆಗಳು ಬರೆದದ್ದು ಸೂಲಗಿತ್ತಿ ನರಸಮ್ಮ ಅಂತಲೇ. ಕುಂಬಾರಗಿತ್ತಿ, ಅಗಸಗಿತ್ತಿ ನಡುವೆ ನಿಲ್ಲುತ್ತವೆ. ಜಾತಿಯೂ ಹೌದು, ಗಂಡನ ಕಸುಬೂ ಹೌದು, ಅವಳು ಬಗ್ಗಿ ಮಾಡುವ ಕೆಲಸವೂ ಹೌದು. ಅಧಿಕಾರ ಇರುವ ಕಡೆ ‘ತಿ’ ಹೆಂಡತಿ ಆಗುತ್ತದೆ, ಮೈಮುರಿದು ದುಡಿಯುವ ಕಡೆ ‘ಗಿತ್ತಿ’ ಅವಳೇ ಆಗುತ್ತಾಳೆ ಅಂತ ನನಗೆ ಅನ್ನಿಸುತ್ತದೆ. ಇದಕ್ಕೆ ಒಪ್ಪದವರು ಉದಾಹರಣೆ ಕೊಟ್ಟು ಜಗಳ ಮಾಡಿ, ನನಗೂ ಬೇಕಾಗಿರುವುದು ಅದೇ.

ವಚನಗಳ ಕಾಲದ ಹೆಸರುಗಳಲ್ಲೂ ಇದೇ ಎರಡು ದಾರಿ. ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಒಬ್ಬರಿಗೆ ನೂಲುವ ಕದಿರು, ಇನ್ನೊಬ್ಬರಿಗೆ ಭತ್ತ ಕುಟ್ಟುವ ಕೊಟ್ಟಣ, ಹೆಸರಿಗೆ ಅಷ್ಟು ಸಾಕಾಗಿದೆ. ಅದೇ ಸಾಲಿನಲ್ಲಿ ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಅಂತಲೂ ಇದ್ದಾರೆ. ತಾವೇ ವಚನ ಬರೆದವರು, ಆದರೂ ಗುರುತು ಗಂಡನ ಹೆಸರಿನಿಂದ. ಈ ‘ಪುಣ್ಯಸ್ತ್ರೀ’ ಅನ್ನುವುದನ್ನು ಓದಿದಾಗೆಲ್ಲ ನನಗೆ ಪಹಣಿಯಲ್ಲಿ ಬರುವ ‘ಕೋಂ’ ನೆನಪಾಗುತ್ತದೆ. ಲಕ್ಷ್ಮಮ್ಮ ಕೋಂ ರಾಮಯ್ಯ. ಜಮೀನು ಲಕ್ಷ್ಮಮ್ಮನದು, ಆದರೂ ರಾಮಯ್ಯ ಹಿಂದೆಯೇ ಬರುತ್ತಾನೆ. ‘ರಾಮಯ್ಯ, ಲಕ್ಷ್ಮಮ್ಮನ ಗಂಡ’ ಅಂತ ಬರೆದ ಪಹಣಿ ಯಾರಾದರೂ ನೋಡಿದ್ದೀರಾ?

ಇನ್ನು ಯಜಮಾನ ಪದದ ಹುಟ್ಟು. ಯಜ್ಞ ಮಾಡಿಸುವವನು, ಪುರೋಹಿತರಿಗೆ ದಕ್ಷಿಣೆ ಕೊಡುವವನು, ಫಲ ಯಾರಿಗೆ ಸೇರಬೇಕೋ ಅವನು. ಅವನ ಪಕ್ಕದಲ್ಲಿ ಕೂರುವವಳಿಗೆ ಇದ್ದ ಹೆಸರು ಪತ್ನಿ. ಯಜ್ಞದ ಸಂಬಂಧ ಇದ್ದಾಗ ‘ಪತಿ’ಯಿಂದ ‘ಪತ್ನಿ’ ಆಗುತ್ತದೆ ಅಂತ ಪಾಣಿನಿಯ ಸೂತ್ರವೇ ಇದೆ. ಅಂದರೆ ಎರಡೂ ಪದ ಒಂದೇ ಹೋಮಕುಂಡದ ಮುಂದೆ ಕೂತಿದ್ದವು. ಅಲ್ಲಿಂದ ಎದ್ದು ಬಂದ ಮೇಲೆ ಯಜಮಾನ ಹೋಗಿ ಮನೆಯ ಒಡೆಯ, ಅಂಗಡಿಯ ಧಣಿ, ಜಾತಿ ಪಂಚಾಯಿತಿಯ ಹಿರಿಯ ಎಲ್ಲ ಆದ. ಪತ್ನಿ ಲಗ್ನಪತ್ರಿಕೆಯಲ್ಲಿ ಉಳಿದಳು.

ಹೆಂಗಸರು ಗಂಡನನ್ನು "ನಮ್ಮ ಯಜಮಾನ್ರು" ಅನ್ನುವುದು ಮೈಸೂರು ಕಡೆ ಈಗಲೂ ಜಾಸ್ತಿ. ಗಂಡಸರು "ನಮ್ಮ ಯಜಮಾನಿ" ಅಂದರೆ ಅದು ತಮಾಷೆ, ಪಕ್ಕದವರು ನಗಬೇಕು ಅಂತಲೇ ಅನ್ನುವುದು. ನಾನಂತೂ ಯಜಮಾನ್ರು ಬಿಟ್ಟು "ನಮ್ಮನೆಯವರು" ಅನ್ನುವುದಕ್ಕೆ ಶುರು ಮಾಡಿದ್ದೆ, ಇದು ಇಬ್ಬರಿಗೂ ಸಮ ಅಂತ. ಆಮೇಲೆ ಒಂದು ದಿನ ಅವರು ಫೋನಿನಲ್ಲಿ ಯಾರಿಗೋ "ನಮ್ಮನೆಯವಳಿಗೆ ಹೇಳ್ತೀನಿ" ಅಂದದ್ದು ಕೇಳಿಸಿತು. ಅವರು, ಅವಳು. ಸಮ ಎಲ್ಲಿ ಬಂತು? ಕೇಳಿದ್ದಕ್ಕೆ, "ವ್ಯಾಕರಣ ನಾನು ಮಾಡಿದ್ದಾ?" ಅಂದರು.

ಒಡತಿ ಅನ್ನಬಹುದಲ್ಲ ಅಂತ ಯಾರಾದರೂ ಹೇಳುತ್ತೀರಿ. ಚೆಂದದ ಪದ, ನಮ್ಮದೇ ಪದ. ಆದರೆ ಮಾತಿನಲ್ಲಿ ಎಲ್ಲಿದೆ? ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಓನರ್ ಅಂಕಲ್, ಓನರ್ ಆಂಟಿ ಅಷ್ಟೆ. ಕ್ರಯಪತ್ರ ಆಂಟಿಯ ಹೆಸರಿನಲ್ಲೇ ಇದ್ದರೂ ಬರೀ "ಓನರ್" ಅಂದರೆ ಅಂಕಲ್. ಅಂದಹಾಗೆ ಒಡೆಯ, ಒಡತಿ, ಒಡವೆ ಮೂರೂ ಒಂದೇ ಬೇರಿನವು. ಒಡವೆ ಅಂದರೆ ಮೊದಲು ಯಾವುದೇ ಸ್ವತ್ತು, ಈಗ ಬರೀ ಚಿನ್ನ. ಹೆಣ್ಣಿಗೆ ತನ್ನದು ಅಂತ ಇದ್ದದ್ದು ಕತ್ತಿನಲ್ಲಿದ್ದಷ್ಟೇ ಅನ್ನುವ ಕಾಲದಲ್ಲಿ ಅರ್ಥ ಹೀಗೆ ಕುಗ್ಗಿತಾ? ಇದು ನನ್ನ ಊಹೆ, ಹೊಡೆದುಹಾಕಬಹುದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕರ್ನಾಟಕ ಕಾನೂನು ತಿದ್ದಿದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಪದ ಇನ್ನೂ ಅಲ್ಲಿಗೆ ಬಂದಿಲ್ಲ.

ಒಂದು ಕಡೆ ಮಾತ್ರ ಬೇರೆ ಥರ ಇತ್ತು. ಘಟ್ಟದ ಕೆಳಗೆ, ಅಳಿಯಸಂತಾನದ ಕುಟುಂಬಗಳಲ್ಲಿ. ಅಲ್ಲಿ ಮನೆತನ ತಾಯಿಯ ಕಡೆಯಿಂದ. ಹಿರಿಯ ಗಂಡಸು ಯಜಮಾನ, ಹಿರಿಯ ಹೆಂಗಸು ಆ ಜಾಗದಲ್ಲಿದ್ದರೆ ಯಜಮಾನ್ತಿ, ಹಳೆಯ ಕೋರ್ಟು ತೀರ್ಪುಗಳಲ್ಲೂ ಈ ಪದ ಬರುತ್ತದೆ. ಅವಳ ಗಂಡ ಬೇರೆ ಕುಟುಂಬದವನು, ಈ ಮನೆಯ ಯಜಮಾನಿಕೆಗೂ ಅವನಿಗೂ ಸಂಬಂಧವೇ ಇಲ್ಲ. ಆ ಮನೆಯಲ್ಲಿ ಯಜಮಾನ ಇದ್ದರೂ ಅವನು ಅವಳ ಅಣ್ಣನೋ ತಮ್ಮನೋ ಸೋದರಮಾವನೋ ಆಗಿರುತ್ತಾನೆ, ಗಂಡ ಅಲ್ಲ. ಹಾಗಾಗಿ ಅಲ್ಲಿ ಯಜಮಾನ್ತಿ ಅಂದರೆ ಯಜಮಾನನ ಹೆಂಡತಿ ಆಗುವುದಕ್ಕೇ ಬರುವುದಿಲ್ಲ. ನಮ್ಮಜ್ಜಿ ಅಲ್ಲಿ ಹುಟ್ಟಿದ್ದರೆ ಆ ಹುಡುಗನಿಗೆ ಬೇರೆಯೇ ಉತ್ತರ ಸಿಗುತ್ತಿತ್ತು.

ಈಗ ಕೇಳಬೇಕಾದದ್ದು. ಮಂಗಳೂರು, ಉಡುಪಿ ಕಡೆಯವರು ಹೇಳಿ, ಯಜಮಾನ್ತಿ ಅಂತ ಮನೆಯಲ್ಲಿ ಬಾಯಿಬಿಟ್ಟು ಕರೆಯುತ್ತಿದ್ದರಾ, ಇಲ್ಲಾ ಬರೀ ದಸ್ತಾವೇಜಿನ ಪದವಾ? ಧಾರವಾಡ, ಕಲಬುರಗಿ ಕಡೆ ಗಂಡ ಇಲ್ಲದೆ ಮನೆ ನಡೆಸುವ ಹೆಂಗಸಿಗೆ ಏನನ್ನುತ್ತೀರಿ? ‘ಹಿರೇಮನುಷ್ಯಾಳು’ ಥರದ್ದು ಏನಾದರೂ ಇದೆಯಾ? ನಮ್ಮ ಬೀದಿಯ ಸ್ತ್ರೀಶಕ್ತಿ ಗುಂಪಿಗೆ ಒಂದು ಸಣ್ಣ ಪುಸ್ತಕ ಬರೆದುಕೊಡುತ್ತಿದ್ದೇನೆ, ಅದರಲ್ಲಿ ಈ ಪದ ಪುಟಕ್ಕೊಂದು ಸಲ ಬರುತ್ತದೆ. ಸದ್ಯಕ್ಕೆ ‘ಮನೆಯ ಹಿರಿಯಳು’ ಅಂತ ಹಾಕಿದ್ದೇನೆ. ಅಜ್ಜಿಗೆ ಓದಿ ಹೇಳಿದೆ. "ಅಷ್ಟೊಂದು ವಯಸ್ಸಾಗಿದ್ಯಾ ನನಗೆ?" ಅಂದರು.