ಆರು ಜನ, ದೂರದ ಪ್ರಯಾಣ, ಯಾವ ಮಿನಿವ್ಯಾನ್? ಮೆಕ್ಯಾನಿಕ್ ಜೊತೆ ಗುಂಪಿನ ಸದಸ್ಯರ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಸರ್. ನಮ್ಮ ಮನೆಯಲ್ಲಿ ಈಗ ಆರು ಜನ. ನಾವಿಬ್ಬರು, ಏಳು ವರ್ಷದ ಮಗ, ಹತ್ತು ತಿಂಗಳ ಮಗಳು, ಅತ್ತೆ, ಮಾವ. ಅತ್ತೆಗೆ ಮಂಡಿ ನೋವು. ರಜೆ ಬಂದರೆ ಎಂಟು ಹತ್ತು ಗಂಟೆ ಡ್ರೈವ್ ಮಾಡಿಕೊಂಡು ಹೋಗುವ ಅಭ್ಯಾಸ ನಮಗೆ. ಟೊಯೋಟಾ ಸಿಯೆನ್ನಾ, ಹೋಂಡಾ ಒಡಿಸ್ಸಿ, ಕ್ರೈಸ್ಲರ್ ಪೆಸಿಫಿಕಾ, ಕಿಯಾ ಕಾರ್ನಿವಲ್, ಇಲ್ಲಿ ಅಮೆರಿಕದಲ್ಲಿ ಸಿಗುವ ಈ ನಾಲ್ಕನ್ನೂ ನೋಡಿ ಬಂದಿದ್ದೇವೆ. ಮೈಲೇಜ್ ನೋಡಿದರೆ ನನಗೆ ಸಿಯೆನ್ನಾ ಅನಿಸುತ್ತದೆ. ನಮ್ಮವರಿಗೆ ಕಾರ್ನಿವಲ್‌ನ ಕಾಲು ಚಾಚುವ ಸೀಟು ತುಂಬಾ ಹಿಡಿಸಿದೆ. ನೀವು ದಿನಾ ಈ ಗಾಡಿಗಳನ್ನೇ ಬಿಚ್ಚಿ ಜೋಡಿಸುವವರು. ಯಾವುದು ಒಳ್ಳೆಯದು?

ಉತ್ತರ: ನಮಸ್ತೆ ಮೇಡಂ. ನಾಲ್ಕೂ ಚೆನ್ನಾಗಿ ಓಡುವ ಗಾಡಿಗಳೇ. ಎಂಜಿನ್ ನೋಡಿ ಮಿನಿವ್ಯಾನ್ ಆರಿಸಬೇಡಿ. ಎರಡನೇ ಸಾಲು ನೋಡಿ ಆರಿಸಿ. ನಾಲ್ಕು ಕಂಪನಿಗಳೂ ನಿಜವಾಗಿ ಬೇರೆ ಬೇರೆ ದಾರಿ ಹಿಡಿದಿರುವುದು ಅಲ್ಲೇ.

ಪೆಸಿಫಿಕಾದಲ್ಲಿ ಎರಡನೇ ಸಾಲಿನ ಸೀಟು ಮಡಚಿ ನೆಲದೊಳಗೇ ಇಳಿದುಬಿಡುತ್ತದೆ. ಸ್ಟೋ ಎನ್ ಗೋ ಅನ್ನುತ್ತಾರೆ. ಸೀಟು ಎತ್ತಿ ಗ್ಯಾರೇಜಿನಲ್ಲಿ ಇಡುವ ರಗಳೆಯೇ ಇಲ್ಲ. ಸೀಟು ಮೇಲಿದ್ದಾಗ ಆ ಗುಂಡಿಯಲ್ಲಿ ಶೂ, ಆಟಿಕೆ, ಏನು ಬೇಕಾದರೂ ತುಂಬಬಹುದು. ಆದರೆ ನೆಲದೊಳಗೆ ಹಿಡಿಸಬೇಕಲ್ವಾ, ಹಾಗಾಗಿ ಸೀಟಿನ ಮೆತ್ತೆ ತೆಳು. ಒಂದು ಗಂಟೆಗೆ ಗೊತ್ತಾಗುವುದಿಲ್ಲ, ಆರನೇ ಗಂಟೆಗೆ ಗೊತ್ತಾಗುತ್ತದೆ.

ಒಡಿಸ್ಸಿಯಲ್ಲಿ ಸೀಟು ಮುಂದೆ ಹಿಂದೆ ಮಾತ್ರ ಅಲ್ಲ, ಅಡ್ಡಕ್ಕೂ ಜರುಗುತ್ತದೆ. ನಡುವಿನ ಸೀಟು ತೆಗೆದರೆ ಉಳಿದ ಎರಡನ್ನು ಒಂದರ ಪಕ್ಕ ಒಂದು ತಂದು, ಬಾಗಿಲ ಪಕ್ಕದಲ್ಲಿ ಹಿಂದಕ್ಕೆ ಹೋಗಲು ದಾರಿ ಮಾಡಿಕೊಳ್ಳಬಹುದು. ಮಕ್ಕಳಿಬ್ಬರೂ ಜಗಳ ಆಡುವ ವಯಸ್ಸಿಗೆ ಬಂದಾಗ ಅವೇ ಸೀಟುಗಳನ್ನು ದೂರ ತಳ್ಳಲೂಬಹುದು. ಸೀಟು ಪೂರ್ತಿ ಹೊರಗೆ ತೆಗೆಯಬಹುದು, ಆದರೆ ಭಾರ. ಒಬ್ಬರೇ ಎತ್ತಲು ಹೋಗಬೇಡಿ.

ಸಿಯೆನ್ನಾದಲ್ಲಿ ಎರಡನೇ ಸಾಲು ಹೊರಗೆ ತೆಗೆಯುವ ಹಾಗೇ ಇಲ್ಲ. ಸೀಟಿನಲ್ಲೇ ಏರ್‌ಬ್ಯಾಗ್ ಇದೆ. ಬದಲಿಗೆ ಏಳು ಸೀಟಿನ ಮಾಡೆಲ್‌ನಲ್ಲಿ ಸೀಟು ತುಂಬಾ ಉದ್ದಕ್ಕೆ ಹಿಂದೆ ಸರಿಯುತ್ತದೆ. ಸೋಫಾ ಸಾಗಿಸುವವರಿಗೆ ಇದು ಕೊರತೆ. ನಿಮಗೆ ಬಹುಶಃ ಲೆಕ್ಕಕ್ಕಿಲ್ಲ.

ಇನ್ನು ಕಾರ್ನಿವಲ್. ನಿಮ್ಮವರಿಗೆ ಹಿಡಿಸಿದ್ದು ವಿಐಪಿ ಲೌಂಜ್ ಸೀಟು. ಕೂತರೆ ಏಳಲು ಮನಸ್ಸಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಕಾಲು ಪೂರ್ತಿ ಚಾಚಬೇಕಾದರೆ ಸೀಟನ್ನು ಹಿಂದಕ್ಕೆ ತಳ್ಳಬೇಕು. ತಳ್ಳಿದರೆ ಮೂರನೇ ಸಾಲಿನವರ ಮಂಡಿ ಅವರ ಗದ್ದಕ್ಕೆ ಬರುತ್ತದೆ. ನಾಲ್ಕು ಜನ ಹೋಗುವ ಮನೆಗೆ ಅದು ಸರಿ. ನೀವು ಆರು ಜನ, ಮೂರನೇ ಸಾಲು ಸದಾ ತುಂಬಿರುತ್ತದೆ. ಷೋರೂಮ್‌ನಲ್ಲಿ ಒಂದು ಕೆಲಸ ಮಾಡಿ. ನಿಮ್ಮವರನ್ನು ಆ ಸೀಟಿನಲ್ಲಿ ಮಲಗಿಸಿ, ನೀವು ಹಿಂದೆ ಹೋಗಿ ಹತ್ತು ನಿಮಿಷ ಕೂತುಕೊಳ್ಳಿ. ಆಮೇಲೆ ಚರ್ಚೆ ಬೇಕಾಗುವುದಿಲ್ಲ.

ಪ್ರಶ್ನೆ (ಅದೇ ಸದಸ್ಯೆ): ಹಾಗಾದರೆ ಯಾರು ಎಲ್ಲಿ ಕೂರಬೇಕು ಸರ್? ಅತ್ತೆ ಮಾವನನ್ನು ಎರಡನೇ ಸಾಲಿನಲ್ಲಿ ಕೂರಿಸಿ ಮಕ್ಕಳನ್ನು ಹಿಂದೆ ಹಾಕಬಹುದಾ?

ಉತ್ತರ: ಮಗಳನ್ನು ಹಿಂದೆ ಹಾಕಬೇಡಿ. ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟನ್ನು ಮೂರನೇ ಸಾಲಿಗೆ ಬಿಗಿಯುವುದು, ಮಗುವನ್ನು ಪ್ರತಿ ಸಲ ಅಲ್ಲಿಂದ ಎತ್ತಿ ತರುವುದು, ಎರಡೂ ಸೊಂಟಕ್ಕೆ ಶಿಕ್ಷೆ. ಜೊತೆಗೆ ಮೂರನೇ ಸಾಲಿನ ಎಲ್ಲ ಜಾಗದಲ್ಲೂ ಮಗುವಿನ ಸೀಟು ಸಿಕ್ಕಿಸುವ ಕೊಕ್ಕೆ ಇರುವುದಿಲ್ಲ. ಗಾಡಿಯ ಪುಸ್ತಕದಲ್ಲಿ ಯಾವ ಜಾಗದಲ್ಲಿ ಇದೆ ಅಂತ ಚಿತ್ರ ಹಾಕಿರುತ್ತಾರೆ, ನೋಡಿ.

ನನ್ನ ಸಲಹೆ ಇಷ್ಟು. ಮಾವನವರು ಮುಂದೆ, ಡ್ರೈವರ್ ಪಕ್ಕ. ಎರಡನೇ ಸಾಲಿನಲ್ಲಿ ಅತ್ತೆ ಮತ್ತು ಮಗಳು. ಮೂರನೇ ಸಾಲಿನಲ್ಲಿ ಮಗ, ಅವನ ಜೊತೆ ನೀವಿಬ್ಬರಲ್ಲಿ ಡ್ರೈವ್ ಮಾಡದವರು. ಅತ್ತೆಗೆ ಹತ್ತಿ ಇಳಿಯಲು ಜಾರುವ ಬಾಗಿಲು ಮತ್ತು ತಗ್ಗಿನ ನೆಲ ಸಿಗುತ್ತದೆ. ಮಂಡಿ ನೋವಿರುವವರನ್ನು ಎತ್ತರದ ಎಸ್‌ಯುವಿಗೆ ಹತ್ತಿಸಿ ನೋಡಿದವರಿಗೆ ಇದರ ಬೆಲೆ ಗೊತ್ತು. ಮಗುವಿನ ಸೀಟನ್ನು ಅತ್ತೆ ಹತ್ತುವ ಬಾಗಿಲ ಕಡೆ ಹಾಕಬೇಡಿ, ಇನ್ನೊಂದು ಬದಿಗೆ ಹಾಕಿ. ಮಗನಿಗೆ ವಾಂತಿ ಬರುವ ಅಭ್ಯಾಸ ಇದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಮೂರನೇ ಸಾಲು ಹಿಂದಿನ ಚಕ್ರದ ಮೇಲೇ ಬರುವುದರಿಂದ ಕುಲುಕು ಜಾಸ್ತಿ, ಮುಂದಿನ ರಸ್ತೆಯೂ ಕಾಣುವುದಿಲ್ಲ.

ಪ್ರಶ್ನೆ (ಅದೇ ಸದಸ್ಯೆ): ಮೈಲೇಜ್ ಬಗ್ಗೆ ನೀವು ಏನೂ ಹೇಳಲಿಲ್ಲ. ದೂರದ ಪ್ರಯಾಣ ಜಾಸ್ತಿ ಅಂದ ಮೇಲೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರೂ ಇರುವ ಹೈಬ್ರಿಡ್ಡೇ ಅಲ್ವಾ?

ಉತ್ತರ: ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ.

2021ರ ಮಾಡೆಲ್‌ನಿಂದ ಸಿಯೆನ್ನಾ ಹೈಬ್ರಿಡ್ ಮಾತ್ರ. ಅಮೆರಿಕದ ಸರ್ಕಾರಿ ಅಂಕಿ ಪ್ರಕಾರ ಅದರ ಫ್ರಂಟ್ ವೀಲ್ (ಮುಂದಿನ ಚಕ್ರ ಮಾತ್ರ ಎಳೆಯುವ) ಮಾಡೆಲ್ ಊರೊಳಗೂ ಹೆದ್ದಾರಿಯಲ್ಲೂ ಗ್ಯಾಲನ್‌ಗೆ 36 ಮೈಲಿ. ಒಡಿಸ್ಸಿಯ ವಿ6, ಅಂದರೆ ಆರು ಸಿಲಿಂಡರ್ ಎಂಜಿನ್, ಊರೊಳಗೆ 19, ಹೆದ್ದಾರಿಯಲ್ಲಿ 28. ಹೆದ್ದಾರಿಯಲ್ಲಿ 1000 ಮೈಲಿ ಹೋದರೆ ಎರಡಕ್ಕೂ ಇರುವ ವ್ಯತ್ಯಾಸ ಸುಮಾರು 8 ಗ್ಯಾಲನ್. ಅದೇ 1000 ಮೈಲಿ ಊರೊಳಗೆ ಸುತ್ತಿದರೆ ವ್ಯತ್ಯಾಸ ಹತ್ತಿರ ಹತ್ತಿರ 25 ಗ್ಯಾಲನ್. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬುವುದೇ ಹೈಬ್ರಿಡ್‌ನ ಕಸುಬು. ಹೆದ್ದಾರಿಯಲ್ಲಿ ಬ್ರೇಕ್ ಎಲ್ಲಿ ಹಾಕುತ್ತೀರಿ? ಹಾಗಾಗಿ ಹೈಬ್ರಿಡ್ ದುಡ್ಡು ಉಳಿಸುವುದು ನಿಮ್ಮ ರಜೆಯ ಪ್ರಯಾಣದಲ್ಲಿ ಅಲ್ಲ, ಸ್ಕೂಲು ಆಫೀಸಿನ ಓಡಾಟದಲ್ಲಿ.

ಸಿಯೆನ್ನಾದ ಒಂದು ಸಣ್ಣ ಕಿರಿಕಿರಿ ಹೇಳಿಬಿಡುತ್ತೇನೆ. ಆರು ಜನ, ಲಗೇಜು ತುಂಬಿ ಘಾಟಿ ಹತ್ತುವಾಗ ಆ ನಾಲ್ಕು ಸಿಲಿಂಡರ್ ಎಂಜಿನ್ ಒಂದೇ ಸಮ ಅರಚುತ್ತದೆ. ಕೆಟ್ಟಿದೆ ಅಂತ ನಮ್ಮ ಹತ್ತಿರ ತರುವವರೂ ಇದ್ದಾರೆ. ಕೆಟ್ಟಿರುವುದಿಲ್ಲ, ಅದರ ಸ್ವಭಾವವೇ ಹಾಗೆ. 2025ರಿಂದ ಕಾರ್ನಿವಲ್ಲೂ ಹೈಬ್ರಿಡ್‌ನಲ್ಲಿ ಬರುತ್ತಿದೆ. 1.6 ಲೀಟರ್ ಟರ್ಬೊ, ಒಟ್ಟಾರೆ 33 ಮೈಲಿ. ಅದರಲ್ಲಿ ಗೇರ್ ಬದಲಾಗುವ ಗೇರ್‌ಬಾಕ್ಸ್ ಇರುವುದರಿಂದ ಈ ಅರಚಾಟ ಕಡಿಮೆ.

ಇನ್ನೊಬ್ಬ ಸದಸ್ಯರು: ನಮ್ಮ ಕಡೆ ಹಿಮ ಬೀಳುತ್ತದೆ ಸರ್. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಲ್ ವೀಲ್ ಡ್ರೈವ್ ಬೇಕೇ ಬೇಕಾ?

ಉತ್ತರ: ಅದು ಗಾಡಿ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ನಿಲ್ಲಿಸುವುದು ಟೈರು. ಮೊದಲು ಒಳ್ಳೆಯ ಸ್ನೋ ಟೈರು ಹಾಕಿಸಿ. ಆಮೇಲೂ ಮನೆ ಮುಂದಿನ ಏರು ಹತ್ತುವುದಿಲ್ಲ ಅಂದರೆ ಸಿಯೆನ್ನಾ ಅಥವಾ ಪೆಸಿಫಿಕಾ ನೋಡಿ. ಈ ನಾಲ್ಕರಲ್ಲಿ ಆಲ್ ವೀಲ್ ಸಿಗುವುದು ಅವೆರಡರಲ್ಲೇ.

ಮತ್ತೊಬ್ಬ ಸದಸ್ಯರು: ಸರ್, ಹೊಸದು ನಮ್ಮ ಕೈಗೆಟುಕುವುದಿಲ್ಲ. 80,000 ಮೈಲಿ ಓಡಿದ ಒಡಿಸ್ಸಿ ಒಂದಿದೆ, ಅದಕ್ಕಿಂತ ಕಡಿಮೆ ಓಡಿದ ಪೆಸಿಫಿಕಾ ಒಂದಿದೆ. ಪೆಸಿಫಿಕಾ ಅಗ್ಗ ಯಾಕೆ? ಸೆಕೆಂಡ್ ಹ್ಯಾಂಡ್ ವ್ಯಾನ್ ತಗೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಟೊಯೋಟಾ, ಹೋಂಡಾ ವ್ಯಾನ್‌ಗಳ ಬೆಲೆ ನಿಧಾನವಾಗಿ ಇಳಿಯುತ್ತದೆ, ಪೆಸಿಫಿಕಾದ್ದು ಬೇಗ. ಮಾರುವವರಿಗೆ ನಷ್ಟ, ನಿಮಗೆ ಲಾಭ. ಸರ್ವಿಸ್ ದಾಖಲೆ ಸರಿ ಇರುವ ಪೆಸಿಫಿಕಾ ಸಿಕ್ಕರೆ ಒಳ್ಳೆಯ ವ್ಯಾಪಾರವೇ. ಪ್ಲಗ್-ಇನ್ ಪೆಸಿಫಿಕಾ ಸಿಕ್ಕರೆ ಒಂದು ವಿಷಯ ಗೊತ್ತಿರಲಿ. ಚಾರ್ಜ್ ಮಾಡಿದರೆ ಸುಮಾರು 32 ಮೈಲಿ ಪೆಟ್ರೋಲ್ ಇಲ್ಲದೆ ಓಡುತ್ತದೆ. ಆದರೆ ಬ್ಯಾಟರಿ ಕೂತಿರುವುದು ನೆಲದ ಗುಂಡಿಯ ಜಾಗದಲ್ಲೇ. ಎರಡನೇ ಸಾಲು ನೆಲದೊಳಗೆ ಇಳಿಯುವುದಿಲ್ಲ.

ಒಡಿಸ್ಸಿಯ ವಿ6ರಲ್ಲಿ ಇರುವುದು ಟೈಮಿಂಗ್ ಬೆಲ್ಟು, ಎಂಜಿನ್ ಒಳಗಿನ ಭಾಗಗಳನ್ನು ಹೊಂದಿಸಿ ತಿರುಗಿಸುವ ರಬ್ಬರ್ ಪಟ್ಟಿ. ಸುಮಾರು 1 ಲಕ್ಷ ಮೈಲಿಯ ಹೊತ್ತಿಗೆ ಬದಲಿಸಬೇಕು, ಅದರ ಜೊತೆ ವಾಟರ್ ಪಂಪನ್ನೂ. ನೀವು ನೋಡಿರುವ ಗಾಡಿಗೆ ಆ ಖರ್ಚು ಹತ್ತಿರದಲ್ಲೇ ಇದೆ. ಅದನ್ನು ಹೇಳಿ ಚೌಕಾಸಿ ಮಾಡಿ. ಈ ಬೆಲ್ಟು ಹರಿದರೆ ಎಂಜಿನ್ನೇ ಹೋಗುತ್ತದೆ, ಮುಂದೂಡುವ ಬಾಬತ್ತಲ್ಲ.

ಯಾವ ವ್ಯಾನ್ ಆದರೂ ನಾನು ಮೊದಲು ಹೋಗುವುದು ಜಾರುವ ಬಾಗಿಲ ಹತ್ತಿರ. ಬಟನ್ ಒತ್ತಿ, ರೇಡಿಯೋ ಆಫ್ ಮಾಡಿ, ಸುಮ್ನೆ ಕಿವಿಗೊಟ್ಟು ಕೇಳಿ. ಒಂದೇ ಸಮ ಜಾರಬೇಕು. ನಡುವೆ ಕರಕರ ಸದ್ದು ಬಂದರೆ, ಅರ್ಧಕ್ಕೆ ನಿಂತು ವಾಪಸ್ ಹೋದರೆ, ಕೆಳಗಿನ ಹಳಿ ನೋಡಿ. ಬಿಸ್ಕತ್ತಿನ ಪುಡಿ, ಮರಳು, ಕ್ರೇಯಾನ್ ತುಂಡು ಸಿಕ್ಕಿಕೊಂಡಿದ್ದರೆ ಬ್ರಷ್ ಹಾಕಿ ತೆಗೆದರೆ ಮುಗಿಯಿತು. ಹಳಿ ಸ್ವಚ್ಛವಾಗಿದ್ದೂ ಬಾಗಿಲು ತಡೆಯುತ್ತಿದ್ದರೆ ಕೇಬಲ್, ಮೋಟರು ಅಥವಾ ಕೆಳಗಿನ ರೋಲರ್ ಸವೆದಿದೆ. ಎರಡೂ ಬಾಗಿಲನ್ನು ನಾಲ್ಕಾರು ಸಲ ತೆಗೆದು ಮುಚ್ಚಿ. ಮಾರುವವರಿಗೆ ಬೇಸರ ಆದರೆ ಆಗಲಿ.

ಎರಡನೆಯದು ಹಿಂದಿನ ಏಸಿ. ಮುಂದೆ ತಣ್ಣಗಿದೆ ಅಂತ ಸಮಾಧಾನ ಪಡಬೇಡಿ. ಮೂರನೇ ಸಾಲಿನಲ್ಲಿ ಕೂತು ಮೇಲಿನ ಕಿಂಡಿಗೆ ಕೈ ಹಿಡಿಯಿರಿ. ಹಿಂದಿನ ಏಸಿಯ ಪೈಪುಗಳು ಗಾಡಿಯ ಅಡಿಯಲ್ಲೇ ಉದ್ದಕ್ಕೂ ಹಾದು ಹೋಗುತ್ತವೆ. ರಸ್ತೆಗೆ ಉಪ್ಪು ಸುರಿಯುವ ಕಡೆ ಓಡಿದ ಗಾಡಿಯಾದರೆ ಪೈಪು ತುಕ್ಕು ತಿಂದು ಗ್ಯಾಸ್ ಸೋರುತ್ತದೆ. ರಿಪೇರಿ ಖರ್ಚು ಸಣ್ಣದಲ್ಲ.

ಹೈಬ್ರಿಡ್ ಸಿಯೆನ್ನಾ ಆದರೆ ಬ್ಯಾಟರಿ ಇರುವುದು ಮುಂದಿನ ಸೀಟುಗಳ ಕೆಳಗೆ. ಅದಕ್ಕೆ ತಂಪು ಗಾಳಿ ಎಳೆದುಕೊಳ್ಳುವ ಕಿಂಡಿ ಇರುತ್ತದೆ. ಅದರ ಮುಂದೆ ಬ್ಯಾಗು, ಕಂಬಳಿ ತುರುಕಬಾರದು. ಅಲ್ಲಿನ ಫಿಲ್ಟರ್ ಯಾವಾಗ ಸ್ವಚ್ಛ ಮಾಡಿದ್ದಾರೆ ಕೇಳಿ. ಅಮೆರಿಕದಲ್ಲಿ 2020ರ ಮಾಡೆಲ್‌ನಿಂದ ಈಚೆಗೆ ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಇದೆ. ಕಿಯಾದ 10 ವರ್ಷ, 1 ಲಕ್ಷ ಮೈಲಿಯ ಎಂಜಿನ್ ವಾರಂಟಿ ಮಾತ್ರ ಮೊದಲ ಮಾಲೀಕರಿಗೆ. ಕೈ ಬದಲಾದರೆ ಸಾಮಾನ್ಯವಾಗಿ 5 ವರ್ಷ, 60,000 ಮೈಲಿಗೆ ಇಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ನಿವಲ್ ತಗೊಳ್ಳುವವರು ಇದನ್ನು ಕೇಳುವುದೇ ಇಲ್ಲ.

ಇನ್ನೊಬ್ಬ ಸದಸ್ಯರು: ಎಂಟು ಜನ ಹೋಗುತ್ತೇವೆ, ಲಗೇಜು ಹಿಡಿಸುವುದಿಲ್ಲ. ಮೇಲೆ ಬಾಕ್ಸ್ ಕಟ್ಟಿಸಬಹುದಾ?

ಉತ್ತರ: ಮೊದಲು ಡ್ರೈವರ್ ಬಾಗಿಲು ತೆಗೆದು ಬಾಗಿಲ ಚೌಕಟ್ಟಿನ ಕಂಬದ ಮೇಲಿನ ಸ್ಟಿಕರ್ ಓದಿ. ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಅದರಲ್ಲಿ 1,200 ಅಂತ ಇದೆ ಅಂದುಕೊಳ್ಳಿ. ತಲಾ 160 ಪೌಂಡ್‌ನ ಎಂಟು ದೊಡ್ಡವರು ಕೂತರೆ ಆಗಲೇ 1,280. ಒಂದು ಬ್ಯಾಗ್ ಇಡುವ ಮೊದಲೇ ಮಿತಿ ಮೀರಿತು! ಎಂಟು ಸೀಟು ಕೊಟ್ಟಿದ್ದಾರೆ ಅಂದರೆ ಎಂಟು ದೊಡ್ಡವರು, ಎಂಟು ಸೂಟ್‌ಕೇಸ್ ಅಂತಲ್ಲ. ಒಂದೇ ಗಾಡಿಯ ದುಬಾರಿ ಮಾಡೆಲ್‌ನಲ್ಲಿ ಈ ಅಂಕಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಜಾಸ್ತಿ ಸಾಮಗ್ರಿ ತುಂಬಿದಷ್ಟೂ ಗಾಡಿಯೇ ಭಾರ.

ಬಾಕ್ಸ್‌ನಲ್ಲಿ ಹಗುರವಾದದ್ದು ಮಾತ್ರ ಹಾಕಿ. ಜಾಕೆಟ್, ದಿಂಬು, ಸ್ಲೀಪಿಂಗ್ ಬ್ಯಾಗ್. ಗಾಡಿಯ ಛಾವಣಿ ಹೊರಬಹುದಾದ ತೂಕದ ಮಿತಿಯಲ್ಲಿ ಬಾಕ್ಸ್‌ನ ತೂಕವೂ ಸೇರಿದೆ, ಮರೆಯಬೇಡಿ. ಅಮೆರಿಕದ ಇಂಧನ ಇಲಾಖೆಯ ಅಂಕಿ ಪ್ರಕಾರ ದೊಡ್ಡ ಬಾಕ್ಸ್ ಇದ್ದರೆ ಗಂಟೆಗೆ 65 ರಿಂದ 75 ಮೈಲಿ ವೇಗದಲ್ಲಿ ಮೈಲೇಜ್ 10 ರಿಂದ 25 ಶೇಕಡಾ ಬೀಳುತ್ತದೆ. ಊರಿಗೆ ಬಂದ ಮೇಲೂ ಅದನ್ನು ತಲೆ ಮೇಲೆ ಹೊತ್ತುಕೊಂಡೇ ತಿರುಗುವವರು ನಮ್ಮಲ್ಲಿ ಎಷ್ಟು ಜನ!

ಹೊರಡುವ ಬೆಳಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿ. ಅದೇ ಸ್ಟಿಕರ್‌ನ ಪಕ್ಕದಲ್ಲಿ ಅಂಕಿ ಇರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಒತ್ತಡ, ಅದಕ್ಕೆ ತುಂಬಿಸಬೇಡಿ. ಸ್ಪೇರ್ ಚಕ್ರ ಇದೆಯಾ ಅಂತಲೂ ಈಗಲೇ ನೋಡಿಕೊಳ್ಳಿ. ಕೆಲವು ವ್ಯಾನ್‌ಗಳಲ್ಲಿ ಬರೀ ಪಂಕ್ಚರ್ ಕಿಟ್ ಕೊಟ್ಟಿರುತ್ತಾರೆ.

ಪ್ರಶ್ನೆ (ಮೊದಲ ಸದಸ್ಯೆ): ಸುರಕ್ಷತೆಯಲ್ಲಿ ಯಾವುದು ಮುಂದೆ?

ಉತ್ತರ: ಜಾಹೀರಾತಿನ ನಕ್ಷತ್ರ ಎಣಿಸಿದರೆ ಸಾಲದು. ಅಮೆರಿಕದ ವಿಮಾ ಕಂಪನಿಗಳ ಐಐಎಚ್‌ಎಸ್ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಈ ನಾಲ್ಕೇ ವ್ಯಾನ್‌ಗಳ ಫಲಿತಾಂಶ ಕೊಟ್ಟಿತು. ಮುಂದಿನಿಂದ ಗುದ್ದಿದಾಗ ಹಿಂದಿನ ಸೀಟಿನವರಿಗೆ ಏನಾಗುತ್ತದೆ ಅನ್ನುವ ಪರೀಕ್ಷೆ ಅದು. ಡ್ರೈವರ್ ಹಿಂದೆ ಸಣ್ಣ ಮೈಕಟ್ಟಿನ ಹೆಂಗಸಿನ ಅಳತೆಯ ಬೊಂಬೆ ಕೂರಿಸಿದ್ದರು. ನಾಲ್ಕರಲ್ಲಿ ಒಂದಕ್ಕೂ ಒಳ್ಳೆಯ ದರ್ಜೆ ಸಿಗಲಿಲ್ಲ. ಅದಕ್ಕೆ ಕಾರಣ ಹೆಚ್ಚಾಗಿ ಹಿಂದಿನ ಸೀಟು ಬೆಲ್ಟು. ಮಗುವಿನ ಸೀಟಿನಲ್ಲಿ ಸರಿಯಾಗಿ ಕಟ್ಟಿದ ಮಗುವಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ, ಅತ್ತೆಯವರಿಗೆ ಅನ್ವಯಿಸುತ್ತದೆ. ನೀವು ಕೊಳ್ಳುವ ವರ್ಷದ ಮಾಡೆಲ್‌ಗೆ ಈ ಪರೀಕ್ಷೆಯ ಫಲಿತಾಂಶ ಏನು ಅಂತ ಅವರ ಜಾಲತಾಣದಲ್ಲಿ ನೋಡಿ. ಅತ್ತೆ ಬೆಲ್ಟನ್ನು ಹೊಟ್ಟೆ ಮೇಲೆ ಎಳೆದುಕೊಳ್ಳದೆ ಸೊಂಟದ ಮೂಳೆ ಮೇಲೆ ಹಾಕಿಕೊಳ್ಳುವಂತೆ ನೋಡಿಕೊಳ್ಳಿ. ಸೀಟು ಪೂರ್ತಿ ಮಲಗಿಸಿ ನಿದ್ದೆ ಮಾಡಿದರೆ ಬೆಲ್ಟು ಇದ್ದೂ ಇಲ್ಲದ ಹಾಗೆ.

ಪ್ರಶ್ನೆ (ಮೊದಲ ಸದಸ್ಯೆ): ಸರಿ ಸರ್, ಒಂದೇ ಹೆಸರು ಹೇಳಿಬಿಡಿ.

ಉತ್ತರ: ಕಾರ್ನಿವಲ್ ಹೈಬ್ರಿಡ್, ಆದರೆ ವಿಐಪಿ ಸೀಟು ಇಲ್ಲದ ಎಂಟು ಸೀಟಿನ ಮಾಡೆಲ್.

ಕಾರಣ ಲಗೇಜು. ನೀವು ಮೂರನೇ ಸಾಲು ಮಡಚುವ ಹಾಗೇ ಇಲ್ಲ. ಅದರ ಹಿಂದೆ ಉಳಿಯುವ ಜಾಗ ಕಾರ್ನಿವಲ್‌ನಲ್ಲಿ 40.2 ಘನ ಅಡಿ, ಸಿಯೆನ್ನಾದಲ್ಲಿ 33.5, ಪೆಸಿಫಿಕಾದಲ್ಲಿ 32.3. ಮಿನಿವ್ಯಾನ್ ಡಿಕ್ಕಿಯಲ್ಲಿ ಆಳವಾದ ಗುಂಡಿ ಇರುವುದರಿಂದ ಸೂಟ್‌ಕೇಸ್ ನಿಲ್ಲಿಸಿಯೇ ಇಡಬಹುದು. ಆರು ಜನರ ಸಾಮಾನಿನ ಮೇಲೆ ಮಡಚಿದ ಸ್ಟ್ರೋಲರ್ ಕೂಡ ಇಡಬೇಕು ಅಂದಾಗ ಆ ಏಳು ಘನ ಅಡಿ ನಿಮ್ಮನ್ನು ಕಾಪಾಡುತ್ತದೆ. ಎರಡನೇ ಸಾಲಿನ ನಡುವಿನ ಸೀಟು ಮಡಚಿದರೆ ಟೇಬಲ್ ಆಗುತ್ತದೆ, ಅತ್ತೆ ಮತ್ತು ಮಗಳ ನಡುವೆ ಬಾಟಲಿ, ವೈಪ್ಸ್ ಇಡಲು ಬರುತ್ತದೆ. ಮಗ ಹಿಂದಕ್ಕೆ ನಡೆದು ಹೋಗಲು ದಾರಿ ಬೇಕು ಅನಿಸಿದರೆ ಅದನ್ನೇ ತೆಗೆದಿಡಿ.

ಹತ್ತು ಹನ್ನೆರಡು ವರ್ಷ ಒಂದೇ ಗಾಡಿ ಇಟ್ಟುಕೊಳ್ಳುವವರು ನೀವಾದರೆ, ಲಗೇಜು ಕಡಿಮೆ ಮಾಡಿಕೊಳ್ಳಲು ತಯಾರಿದ್ದರೆ, ಸಿಯೆನ್ನಾ ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಯಾವುದಾದರೂ ಸರಿ, ಅಡ್ವಾನ್ಸ್ ಕೊಡುವ ಮೊದಲು ಮಗುವಿನ ಸೀಟು, ಸ್ಟ್ರೋಲರ್, ಎರಡು ದೊಡ್ಡ ಸೂಟ್‌ಕೇಸ್ ಮತ್ತು ಅತ್ತೆಯವರನ್ನು ಕರೆದುಕೊಂಡೇ ಷೋರೂಮ್‌ಗೆ ಹೋಗಿ. ಹಾಗೇ ನಿಮ್ಮ ಗ್ಯಾರೇಜಿನ ಉದ್ದ ಅಳೆದಿಟ್ಟುಕೊಳ್ಳಿ. ಈ ಗಾಡಿಗಳೆಲ್ಲ 5.1, 5.2 ಮೀಟರ್ ಉದ್ದ, ಹಿಂಬಾಗಿಲು ಮೇಲಕ್ಕೆ ತೆರೆಯಲು ಅದರ ಮೇಲೆ ಇನ್ನೂ ಜಾಗ ಬೇಕು.