ಒಂಟಿಯಾದ ಗಂಡು ಇಲಿಗೆ ಜೊತೆ ಹಾಕೋದು ಹೇಗೆ? ಸಹಾಯ ಬೇಕು

ನಮಸ್ಕಾರ. ಫಾರ್ಮಕಾಲಜಿ ಪಿಎಚ್‌ಡಿ ಮಾಡ್ತಿದೀನಿ. ನಮ್ಮ ಅನಿಮಲ್ ಹೌಸ್‌ನಲ್ಲಿ ವಿಸ್ಟಾರ್ ಅನ್ನೋ ಲ್ಯಾಬ್ ತಳಿಯ ಗಂಡು ಇಲಿಗಳು ಜೋಡಿಯಾಗಿ ಇರ್ತವೆ. ಒಂದು ಪಂಜರದಲ್ಲಿ ಜೊತೆಗಾರ ಸತ್ತು, ಉಳಿದದ್ದು ಮೂಲೆ ಹಿಡಿದಿದೆ. ಕಣ್ಣು, ಮೂಗಿನ ಸುತ್ತ ಕೆಂಪು ಕಲೆ. ರಕ್ತ ಅಲ್ಲ, ಪಾರ್ಫಿರಿನ್, ಅಂದ್ರೆ ಇಲಿ ಕಣ್ಣೀರಲ್ಲಿರೋ ಕೆಂಪು ಬಣ್ಣದ ವಸ್ತು. ಒತ್ತಡದಲ್ಲಿ ಹೆಚ್ಚುತ್ತಲ್ಲ, ಅದೇ. ವೆಟ್ ನೋಡಿ ಕಾಯಿಲೆ ಏನಿಲ್ಲ ಅಂದ್ರು. ಗೂಡಿಗೆ ಕಾಗದದ ಚೂರು, ಕಡಿಯೋಕೆ ಮರದ ತುಂಡು, ಅಡಗೋಕೆ ಪೈಪು ಎಲ್ಲ ಇಟ್ಟೆ. ಅಷ್ಟಕ್ಕಷ್ಟೇ. ಗೈಡ್ "ಹೊಸದನ್ನ ಬಿಟ್ರೆ ಡೇಟಾ ಕೆಡುತ್ತೆ" ಅಂತಾರೆ. ಒಂಟಿ ಇಟ್ರೆ ಕೆಡಲ್ವಾ? ಗಂಡು ಮೈಸ್‌ನಷ್ಟು (ಸಣ್ಣ ಜಾತಿ ಇಲಿ) ಇವು ಕಚ್ಚಾಡಲ್ಲ ನಿಜ, ಆದ್ರೂ ಬೆಳೆದ ಅಪರಿಚಿತ ಗಂಡನ್ನ ಬಿಡೋಕೆ ಭಯ.

ಮಾಡಿ ನೋಡಿದವರು ಹೇಳಿ: ಹಾಲು ಬಿಟ್ಟ ಎಳೆ ಗಂಡನ್ನ ಜೊತೆಗೆ ಬಿಡ್ಲಾ, ಇಲ್ಲಾ ಇದೇ ವಯಸ್ಸಿನದನ್ನ ಇಬ್ಬರಿಗೂ ಹೊಸದಾದ ತೊಳೆದ ಪಂಜರದಲ್ಲಿ ಪರಿಚಯ ಮಾಡಿಸ್ಲಾ?